ತಂತುವಿನ ಉಪಸಂಹಾರ

ಗಣಕಯಂತ್ರದ ಒಂದೇ ಕಾರ್ಯಕ್ರಮದೊಳಗೆ ಏಕಕಾಲದಲ್ಲಿ ನಡೆಯುವ ಹಲವು ಕಾರ್ಯಧಾರೆಗಳಲ್ಲಿ ಒಂದೊಂದಕ್ಕೂ ಥ್ರೆಡ್ ಎಂದು ಹೆಸರು. ಇಲ್ಲಿ ಅದನ್ನು ತಂತುವೆನ್ನೋಣ. ತಂತುವನ್ನು ಆರಂಭಿಸುವುದು ಸುಲಭ. ಮುಗಿಸುವ ಕ್ರಮವೇ ವಿಚಾರಣೀಯವಾದುದು.

ಹೊರಗಿನಿಂದಲೇ ಅದನ್ನು ಕಡಿದುಬಿಟ್ಟರಾಗದೆ ಎಂಬುದು ಪೂರ್ವಪಕ್ಷ. 1995ರಲ್ಲಿ ಪ್ರಕಟಿತವಾದ ಜಾವಾ ಭಾಷೆಯಲ್ಲಿ ಇದಕ್ಕೆಂದೇ ಸ್ಟಾಪ್ ಎಂಬ ವಿಧಿಯಿದ್ದಿತು. ಇದರಲ್ಲಿ ದೋಷವುಂಟು. ಹೇಗೆಂದರೆ, ಹಲವು ತಂತುಗಳಿಗೆ ಸಾಧಾರಣವಾದ ಲೆಕ್ಕವನ್ನು ತಿದ್ದುವ ತಂತುವು ಮೊದಲು ಅದಕ್ಕೆ ಬೀಗವಿಕ್ಕುತ್ತದೆ. ಒಂದು ಖಾತೆಯಿಂದ 100 ರೂಪಾಯಿ ಕಳೆದು, ಇನ್ನೊಂದಕ್ಕೆ ಕೂಡಿಸುವ ಮೊದಲೇ ಆ ತಂತುವನ್ನು ಕಡಿದರೆ ಬೀಗವು ತೆರೆದುಕೊಳ್ಳುವುದು, ಲೆಕ್ಕವು ಅರೆಯಾಗಿಯೇ ನಿಲ್ಲುವುದು. ಅದನ್ನು ಇತರ ತಂತುಗಳು ಪೂರ್ಣವೆಂದೇ ನಂಬುವುವು. ಆದಕಾರಣ 1998ರಲ್ಲಿ ಈ ವಿಧಿಯನ್ನು ತ್ಯಾಜ್ಯವೆಂದು ಸಾರಿದರು. 2023ರ ಇಪ್ಪತ್ತನೆಯ ಆವೃತ್ತಿಯಲ್ಲಿ ಅದನ್ನು ಕರೆದರೆ ದೋಷಸೂಚನೆಯೊಂದೇ ಫಲ.

ಸಿದ್ಧಾಂತವೇನೆಂದರೆ, ಅಂತ್ಯವನ್ನು ಹೊರಗಿನವರು ಬಿನ್ನವಿಸಿಕೊಳ್ಳಬೇಕು. ಅದರ ಸ್ಥಳವನ್ನು ತಂತುವೇ ಆರಿಸಿಕೊಳ್ಳಬೇಕು. ಎಲ್ಲಿ ನಿಂತರೆ ಕೆಡುಕಿಲ್ಲವೆಂಬುದು ತಂತುವಿನ ಕಾರ್ಯವಿವರಣೆಯಲ್ಲಿಯೇ ಅಡಗಿರುವುದಷ್ಟೆ. ಎಲ್ಲ ತಂತುಗಳಿಗೂ ತಪ್ಪದೆ ಕಾಣುವಂತೆ ಒಂದು ಸಂಕೇತವನ್ನಿರಿಸಿ, ಕೆಲಸದ ಪ್ರತಿಯೊಂದು ಸುತ್ತಿನ ಕೊನೆಯಲ್ಲಿ ಅದನ್ನು ನೋಡುವಂತೆ ಮಾಡತಕ್ಕದ್ದು. ಏನನ್ನೋ ಕಾಯುತ್ತ ನಿದ್ರಿಸುವ ತಂತುವಿಗೆ ಈ ಸಂಕೇತವು ಕಾಣದು. ಅದನ್ನು ಇಂಟರಪ್ಟ್ ಎಂಬ ವಿಧಿಯಿಂದ ಎಚ್ಚರಿಸಬೇಕು. ಹೀಗೆ ಅರಿತ ತಂತುವು ಹಿಡಿದ ಕೆಲಸವನ್ನು ಒಪ್ಪಮಾಡಿ, ಬೀಗಗಳನ್ನು ಬಿಟ್ಟು, ತೆರೆದ ಕಡತಗಳನ್ನು ಮುಚ್ಚಿ ತಾನಾಗಿ ಮುಗಿಯುವುದು. ಬಿನ್ನವಿಸಿದ ತಂತುವಾದರೋ ಜಾಯಿನ್ ಎಂಬ ವಿಧಿಯಿಂದ ಅಲ್ಲಿಯ ತನಕ ಕಾದಿದ್ದು, ಆಮೇಲೆಯೇ ಮುಂದುವರಿಯತಕ್ಕದ್ದು.