ಅಮೃತಬಳ್ಳಿ: ಹೆಸರು ನೋಡಿ ಕೊಳ್ಳುವುದೋ, ಬಳ್ಳಿ ನೋಡಿ ಕೊಳ್ಳುವುದೋ?

ಮಳೆಗಾಲ ಕಾಲಿಟ್ಟೊಡನೆ ಥಾಣೆ, ಡೊಂಬಿವಲಿ, ಕಲ್ಯಾಣ್ ಕಡೆಯ ಪೇಟೆಗಳಲ್ಲಿ ಸೊಪ್ಪು, ಬೇರು, ತೊಗಟೆ ಮಾರುವವರ ಬುಟ್ಟಿಗಳಲ್ಲಿ ಬೆರಳು ಗಾತ್ರದ ಬಳ್ಳಿಯ ತುಂಡುಗಳೂ ಕಾಣಸಿಗುತ್ತವೆ. ಮರಾಠಿಗರು ಇದನ್ನು ಗುಳವೇಲ್ ಎನ್ನುತ್ತಾರೆ, ಹಿಂದಿಯವರಿಗೆ ಇದು ಗಿಲೋಯ್, ನಮಗೆ ಅಮೃತಬಳ್ಳಿ. ಊರಿನ ಬೇಲಿಯ ಮೇಲೆ, ಮಾವಿನ ಮರದ ಮೇಲೆ ಹಬ್ಬಿದ್ದನ್ನು ಕಂಡು ಬೆಳೆದ ನಮ್ಮ ಜನಕ್ಕೆ ಇದರ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಜ್ವರ ಬಂದರೆ ಇದರ ಕಷಾಯ, ಮೈ ಕಡಿದರೆ ಇದರ ಕಷಾಯ ಎಂಬುದು ಅಜ್ಜಿಯ ಕಾಲದಿಂದ ನಡೆದುಬಂದ ರೂಢಿ. ಆದರೆ ಈ ಪರಿಚಯದ ಧೈರ್ಯದಿಂದಲೇ ನಮ್ಮ ಹೋಟೆಲ್ ಕಾರ್ಮಿಕ ಬಂಧುಗಳೂ ಗುಮಾಸ್ತ ಮಿತ್ರರೂ ಬಳ್ಳಿಯನ್ನು ಸರಿಯಾಗಿ ನೋಡದೆ, ದಿನಗಳನ್ನು ಎಣಿಸದೆ ಕುಡಿಯುತ್ತಿರುವರಾದುದರಿಂದ ಈ ನಾಲ್ಕು ಮಾತು ಬರೆಯಬೇಕಾಗಿದೆ.

2020ರಲ್ಲಿ ಕೊರೊನಾ ಬಂದು ಹೋಟೆಲುಗಳ ಬಾಗಿಲು ಮುಚ್ಚಿದಾಗ ಮನೆಮನೆಯಲ್ಲೂ ಕಷಾಯದ ಪಾತ್ರೆ ಒಲೆಯೇರಿತು. ಬಳ್ಳಿಗೆ ಬಂದ ಬೇಡಿಕೆ ಎಷ್ಟೆಂದರೆ, ನಮ್ಮ ಥಾಣೆ ಜಿಲ್ಲೆಯದೇ ಆದ ಶಹಾಪುರದಲ್ಲಿ ಕಾತಕರಿ ಆದಿವಾಸಿ ಯುವಕರು ಕಟ್ಟಿದ ಸಂಘಕ್ಕೆ ದೊಡ್ಡ ಔಷಧ ಕಂಪೆನಿಗಳಿಂದ 350 ಟನ್ ಬಳ್ಳಿಗೆ 1 ಕೋಟಿ 57 ಲಕ್ಷ ರೂಪಾಯಿಗಳ ಬೇಡಿಕೆ ಬಂದಿತು. ಲೆಕ್ಕ ಹಾಕಿದರೆ ಕಿಲೋ ಒಂದಕ್ಕೆ ಸುಮಾರು 45 ರೂಪಾಯಿ. ಕಾಡು ಅಲೆದು ಹೊಟ್ಟೆ ಹೊರೆಯುವ ಜನರಿಗೆ ಇಂಥದೊಂದು ಮಾರುಕಟ್ಟೆ ದೊರೆತುದು ಸಂತೋಷದ ಸಂಗತಿಯೇ. ಅದೇ ಬಳ್ಳಿ ಪುಡಿಯಾಗಿ ಡಬ್ಬಿ ಸೇರಿದ ಮೇಲೆ ಯಾವ ಬೆಲೆಗೆ ಮಾರಾಟವಾಗುತ್ತದೆಂಬುದನ್ನು ವಾಚಕರೇ ಅಂಗಡಿಯಲ್ಲಿ ನೋಡಿಕೊಳ್ಳಬಹುದು.

ಅದೇ ವರ್ಷ ಸೆಪ್ಟೆಂಬರದಿಂದ ಡಿಸೆಂಬರದೊಳಗೆ ಮುಂಬಯಿಯ ಜಸ್ಲೋಕ್ ಆಸ್ಪತ್ರೆಯ ಯಕೃತ್ ತಜ್ಞೆ ಡಾ. ಆಭಾ ನಾಗ್ರಲ್ ಮತ್ತು ಅವರ ಸಹೋದ್ಯೋಗಿಗಳ ಮುಂದೆ ಕಾಮಾಲೆಯಿಂದ ಬಳಲುತ್ತಿದ್ದ ಆರು ಮಂದಿ ರೋಗಿಗಳು ಬಂದರು. ಯಕೃತ್ತು ಕೆಡಲು ಸಾಮಾನ್ಯವಾದ ಕಾರಣಗಳನ್ನು ಹುಡುಕಿ, ಕೊನೆಗೆ ಕೆದಕಿ ಕೇಳಿದಾಗ ಎಲ್ಲರೂ ಅಮೃತಬಳ್ಳಿಯನ್ನು ಸೇವಿಸುತ್ತಿದ್ದುದು ತಿಳಿದುಬಂದಿತು. ಆರು ಮಂದಿಯಲ್ಲಿ ಒಬ್ಬ ಮಹಿಳೆ ತೀರಿಕೊಂಡರು. ಈ ವರದಿ 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರವನ್ನು ಪ್ರಕಟಿಸಿದರು. ಸೇವನೆ ಆರಂಭಿಸಿ ಸುಮಾರು ಒಂದೂವರೆ ತಿಂಗಳಾಗುವ ಹೊತ್ತಿಗೆ ಇವರಲ್ಲಿ ಹಲವರಿಗೆ ತೊಂದರೆ ತಲೆದೋರಿತ್ತು. ಕಾಮಾಲೆಗೆ ಮದ್ದೆಂದು ನಾವು ಕುಡಿಯುವ ಬಳ್ಳಿಯಿಂದಲೇ ಕಾಮಾಲೆ!

ಕೇಂದ್ರದ ಆಯುಷ್ ಸಚಿವಾಲಯವು ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಎಂಬುದನ್ನು ಪರೀಕ್ಷಿಸಲಾಗಿಲ್ಲ, ಅದನ್ನೇ ಹೋಲುವ ಇನ್ನೊಂದು ಬಳ್ಳಿಯಾಗಿರಬಹುದು ಎಂದು ಅದು ಹೇಳಿತು. ಶಾಸ್ತ್ರದಲ್ಲಿ ನಮ್ಮದಕ್ಕೆ ಟೈನೋಸ್ಪೋರಾ ಕಾರ್ಡಿಫೋಲಿಯಾ ಎಂದು ಹೆಸರು. ಹೋಲುವ ಬಳ್ಳಿ ಟೈನೋಸ್ಪೋರಾ ಕ್ರಿಸ್ಪಾ. ವೈದ್ಯರಾದರೋ, ನಿಜವಾದ ಬಳ್ಳಿಯಿಂದಲೂ ಕೆಲವರಿಗೆ ಕೆಡುಕಾಗಬಹುದೆಂದು ತಮ್ಮ ಮಾತನ್ನೇ ಹಿಡಿದರು. ಇವರಿಬ್ಬರ ನಡುವೆ ತೀರ್ಪು ಕೊಡುವುದು ಈ ಲೇಖಕನ ಎಸ್.ಎಸ್.ಎಲ್.ಸಿ. ವಿದ್ಯೆಗೆ ಮೀರಿದ್ದು. ಆದರೆ ಸಚಿವಾಲಯದ ಮಾತು ನಿಜವಾದರೆ ಬಳ್ಳಿಯನ್ನು ಗುರುತಿಸಿ ಕೊಳ್ಳಬೇಕು. ವೈದ್ಯರ ಮಾತು ನಿಜವಾದರೆ ಯಾರು, ಎಷ್ಟು ದಿನ ಕುಡಿಯಬೇಕೆಂಬುದನ್ನು ನೋಡಬೇಕು. ಕುಡಿಯುವವನು ಎರಡನ್ನೂ ಮಾಡಿದರೆ ನಷ್ಟವೇನೂ ಇಲ್ಲ.

ಹೆಸರನ್ನು ನಂಬಿ ಮೂಲಿಕೆ ಕೊಂಡರೆ ಏನಾಗುವುದೆಂಬುದಕ್ಕೆ ಚೀನೀ ವೈದ್ಯದಲ್ಲಿ ಒಂದು ದಾರುಣ ನಿದರ್ಶನವಿದೆ. ಅಲ್ಲಿ 'ಫಾಂಗ್ ಜಿ' ಎಂಬ ಹೆಸರಿನಲ್ಲಿ ಬೇರೆ ಬೇರೆ ಬೇರುಗಳು ಮಾರಾಟವಾಗುತ್ತಿದ್ದವು. ಒಂದು ಸ್ಟೆಫಾನಿಯಾ, ಅಮೃತಬಳ್ಳಿಯ ಕುಟುಂಬಕ್ಕೇ ಸೇರಿದ್ದು. ಇನ್ನೊಂದು ಅರಿಸ್ಟೊಲೋಕಿಯಾ, ನಮ್ಮ ಈಶ್ವರಿ ಬಳ್ಳಿಯ ಕುಲದ್ದು. 1990ರ ಸುಮಾರಿಗೆ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಗುಳಿಗೆಗಳಲ್ಲಿ ಮೊದಲನೆಯದರ ಬದಲಿಗೆ ಎರಡನೆಯದು ಸೇರಿಹೋಯಿತು. ನೂರಕ್ಕೂ ಹೆಚ್ಚು ಮಂದಿಯ, ಬಹುತೇಕ ಸ್ತ್ರೀಯರ, ಮೂತ್ರಪಿಂಡಗಳು ಕೆಟ್ಟವು. ಕೆಲವರಿಗೆ ಮುಂದೆ ಅರ್ಬುದ ರೋಗವೂ ತಗಲಿತು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಜಾಣರು. ಅವರು ಅಮೃತಬಳ್ಳಿಗೆ ಇಟ್ಟ ಹೆಸರುಗಳೇ ಗುರುತಿನ ಚೀಟಿಗಳು. 'ಛಿನ್ನರುಹಾ' ಎಂದರೆ ಕಡಿದರೂ ಚಿಗುರುವುದು. 'ಚಕ್ರಲಕ್ಷಣಾ' ಎಂದರೆ ಚಕ್ರದ ಗುರುತುಳ್ಳದ್ದು. ಬಳ್ಳಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಗಾಡಿಯ ಗಾಲಿಯ ಅರೆಗಳಂತೆ ಗೆರೆಗಳು ಕಾಣಬೇಕು. ಮೇಲಿನ ಕಾಗದದಂಥ ಸಿಪ್ಪೆಯನ್ನು ಉಗುರಿನಿಂದ ಸುಲಿದರೆ ಒಳಗೆ ಹಸುರಿರಬೇಕು. ಎಲೆ ಹೃದಯದ ಆಕಾರದ್ದು. ಮೈತುಂಬ ದಪ್ಪ ದಪ್ಪ ಗಂಟುಗಳೆದ್ದು ಬೂದುಬಣ್ಣವಾಗಿರುವ, ಕಡಿದಾಗ ಹಾಲಿನಂಥ ರಸ ಸುರಿಸುವ ಬಳ್ಳಿ ಕ್ರಿಸ್ಪಾ ಎಂದು ಸಚಿವಾಲಯವೇ ಗುರುತು ಕೊಟ್ಟಿದೆ, ಅಂಥದ್ದನ್ನು ಮುಟ್ಟಬಾರದು. ರುಚಿ ನೋಡಿ ಗುರುತಿಸುವೆನೆಂಬುದು ವ್ಯರ್ಥ, ಎರಡೂ ಕಹಿಯೇ. ಕರಿಮೆಣಸಿನಲ್ಲಿ ಪಪ್ಪಾಯಿ ಬೀಜವನ್ನೂ ತೊಗರಿಬೇಳೆಯಲ್ಲಿ ಕೇಸರಿಬೇಳೆಯನ್ನೂ ಕಂಡುಹಿಡಿಯಬಲ್ಲ ನಮ್ಮ ಅಡಿಗೆ ಭಟ್ಟರಿಗೆ ಇದು ಕಷ್ಟದ ಕೆಲಸವಲ್ಲ. ಪುಡಿಯಾದರೆ ಮಾತ್ರ ಯಾವ ಭಟ್ಟರಿಗೂ ಗೊತ್ತಾಗದು. ಆದುದರಿಂದ ಹೆಸರಿಲ್ಲದ ಪೊಟ್ಟಣದ ಪುಡಿಯನ್ನು ಎಂದಿಗೂ ಕೊಳ್ಳಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಡಬ್ಬಿಯ ಮೇಲೆ ತಯಾರಕರ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು ಇರತಕ್ಕದ್ದು.

ಪ್ರಮಾಣದ ವಿಷಯದಲ್ಲಿ ಸರಕಾರದ ಆಯುರ್ವೇದ ಔಷಧಕೋಶ ಹೇಳುವುದು ಇಷ್ಟು: ಪುಡಿಯಾದರೆ ದಿನಕ್ಕೆ 3ರಿಂದ 6 ಗ್ರಾಂ, ಕಷಾಯಕ್ಕಾದರೆ 20ರಿಂದ 30 ಗ್ರಾಂ. ಕೊರೊನಾ ಕಾಲದಲ್ಲಿ ಸಚಿವಾಲಯ ಹೊರಡಿಸಿದ ಸೂಚನೆಯಲ್ಲಿಯೂ ಮುನ್ನೆಚ್ಚರಿಕೆಗಾಗಿ ಹದಿನೈದು ದಿನ ಅಥವಾ ಒಂದು ತಿಂಗಳು ಎಂದು ಮಿತಿ ಹಾಕಲಾಗಿತ್ತೇ ವಿನಾ ವರ್ಷವಿಡೀ ಕುಡಿಯಿರೆಂದು ಹೇಳಿರಲಿಲ್ಲ. ಚಹದಂತೆ ದಿನಕ್ಕೆ ಮೂರು ಸಲ, ತಿಂಗಳುಗಟ್ಟಲೆ ಕುಡಿಯುವುದು ಯಾವ ಶಾಸ್ತ್ರಕ್ಕೂ ಒಪ್ಪಿತವಲ್ಲ.

ಈ ಬಳ್ಳಿ ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ. ಆ ಶಕ್ತಿಯೇ ತಿರುಗಿಬಿದ್ದು ತನ್ನ ದೇಹವನ್ನು ತಿನ್ನುವ ರೋಗವುಳ್ಳವರಿಗೆ ಇದು ಬೆಂಕಿಗೆ ತುಪ್ಪ ಸುರಿದಂತಾಗಬಹುದು. ಥೈರಾಯ್ಡ್ ದೋಷದವರಲ್ಲಿಯೂ ಸಂಧಿವಾತದವರಲ್ಲಿಯೂ ಕೆಲವರದು ಈ ಬಗೆಯದು. ಇವರೂ, ಮೊದಲೇ ಯಕೃತ್ತು ಕೆಟ್ಟವರೂ, ಮದ್ಯಪಾನದ ಅಭ್ಯಾಸವುಳ್ಳವರೂ, ಗರ್ಭಿಣಿಯರೂ ವೈದ್ಯರನ್ನು ಕೇಳದೆ ಸೇವಿಸಕೂಡದು. ಸಿಹಿಮೂತ್ರಕ್ಕೆ ಗುಳಿಗೆ ನುಂಗುವವರಲ್ಲಿ ಸಕ್ಕರೆಯ ಅಂಶ ವಿಪರೀತ ಇಳಿಯುವ ಸಂಭವವಿದೆ. ರಾತ್ರಿ ಪಾಳಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ಕಾರ್ಮಿಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಣ್ಣು ಹಳದಿಯಾದರೆ, ಮೂತ್ರ ಕಡುಚಹದ ಬಣ್ಣಕ್ಕೆ ತಿರುಗಿದರೆ, ಅನ್ನ ಕಂಡರೆ ಓಕರಿಕೆ ಬಂದರೆ ಕಷಾಯವನ್ನು ಆ ದಿನವೇ ನಿಲ್ಲಿಸಬೇಕು. ಕಲುಷಿತ ನೀರಿನಿಂದ ಮಳೆಗಾಲದಲ್ಲಿ ಬರುವ ಕಾಮಾಲೆಯೂ ಹೀಗೆಯೇ ಇರುವುದರಿಂದ ಯಾವುದು ಯಾವುದೆಂದು ನಾವೇ ತೀರ್ಮಾನಿಸುವಂತಿಲ್ಲ. ರಜೆ ಸಿಗದೆಂದೋ, ಸಂಬಳ ಮುರಿಯುವರೆಂದೋ ವಾರ ತಳ್ಳದೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಡಾಕ್ಟರರು "ಏನು ಔಷಧ ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದಾಗ "ಏನೂ ಇಲ್ಲ" ಎನ್ನುವುದು ನಮ್ಮವರ ಅಭ್ಯಾಸ, ಕಷಾಯ ನಮ್ಮ ಲೆಕ್ಕದಲ್ಲಿ ಔಷಧವೇ ಅಲ್ಲ. ಅದನ್ನೂ, ಎಷ್ಟು ದಿನದಿಂದ ಕುಡಿಯುತ್ತಿರುವಿರೆಂಬುದನ್ನೂ ಹೇಳಬೇಕು. ಉಳಿದ ಬಳ್ಳಿಯ ತುಂಡನ್ನೋ ಪುಡಿಯ ಡಬ್ಬಿಯನ್ನೋ ಎಸೆಯದೆ ಚೀಲದಲ್ಲಿ ಹಾಕಿ ಜತೆಗೆ ಒಯ್ಯಬೇಕು.