ಪೆಟ್ರೋಲು ಸಾಲದ ಕಾರ್ಬುರೇಟರು: ದೋಷ ಹುಡುಕುವ ಕ್ರಮ

ಮೋಕ ಹೋಬಳಿಯ ಊರುಗಳಲ್ಲಿ ಹಾಲಿನ ಕ್ಯಾನು, ಬೀಜ, ಗೊಬ್ಬರ, ಔಷಧಿಗಳನ್ನು ಹೊರುವ ಬಂಡಿಯೆಂದರೆ ಈಗ ಮೋಟಾರು ಸೈಕಲ್ಲೇ. 2020ರ ಏಪ್ರಿಲ್‌ನಿಂದ ಮಾರಾಟವಾದ ಹೊಸ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರು ಇಲ್ಲ. ಅದಕ್ಕಿಂತ ಹಳೆಯ ಗಾಡಿಗಳು ಇನ್ನೂ ದುಡಿಯುತ್ತಿವೆ. ಬೇಸಿಗೆಯಲ್ಲಿ ಅವುಗಳ ಬಗ್ಗೆ ಕೇಳಿಬರುವ ದೂರು ಒಂದೇ: ಎಂಜಿನು ಅತಿಯಾಗಿ ಕಾಯುತ್ತದೆ, ಭಾರ ಎಳೆಯುವುದಿಲ್ಲ. ಗಾಳಿಗೆ ತಕ್ಕಷ್ಟು ಪೆಟ್ರೋಲು ದೊರೆಯದಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಮೆಕ್ಯಾನಿಕರು ಇದನ್ನು 'ಲೀನ್' ಎನ್ನುತ್ತಾರೆ.

ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲಿನ ಪಾಲು ಇದಕ್ಕಿಂತ ಕಡಿಮೆಯಾದರೆ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಪೆಟ್ರೋಲು ಆವಿಯಾಗುವಾಗ ಎಂಜಿನಿಗೆ ದೊರೆಯುವ ತಂಪೂ ತಗ್ಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರ ವರೆಗೆ ತಯಾರಾದ ಯೆಜ್ಡಿಯಂಥ ಗಾಡಿಗಳಲ್ಲಿ ಅಪಾಯ ಇಮ್ಮಡಿ. ಅವುಗಳಲ್ಲಿ ಎಣ್ಣೆಯು ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ನಿಗೆ ಎಣ್ಣೆಯೂ ಕಡಿಮೆ. ಓಡುವಾಗಲೇ ಪಿಸ್ಟನ್ ಹಿಡಿದುಕೊಂಡರೆ ಹಿಂದಿನ ಚಕ್ರ ನಿಂತು ಸವಾರ ಬೀಳುತ್ತಾನೆ. ಎಂಜಿನು ಬಿಗಿಯುತ್ತಿರುವಂತೆ ತೋರಿದ ಕ್ಷಣವೇ ಕ್ಲಚ್ಚು ಹಿಡಿಯಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಅವಶ್ಯ. ಎರೆಭೂಮಿಯ ಧೂಳು ಏರ್ ಫಿಲ್ಟರಿನಲ್ಲಿ ಕಟ್ಟಿಕೊಂಡರೂ ಗಾಡಿ ಎಳೆಯುವುದಿಲ್ಲ. ಆದರೆ ಆಗ ಕಡಿಮೆಯಾಗುವುದು ಗಾಳಿ, ಪೆಟ್ರೋಲಲ್ಲ. ಪ್ಲಗ್ಗು ಮಸಿ ಹಿಡಿದು ಕಪ್ಪಾಗುತ್ತದೆ. ಪೆಟ್ರೋಲು ಸಾಲದಿದ್ದಾಗ ಪ್ಲಗ್ಗಿನ ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಸರಿಯಾದ ಪ್ಲಗ್ಗು ಜೋಳದ ರೊಟ್ಟಿಯ ಮೇಲಿನ ಕಂದು ಕಲೆಯ ಬಣ್ಣದ್ದು. ಎರಡು ರೋಗಗಳಿಗೂ ಮದ್ದು ತದ್ವಿರುದ್ಧ. 'ಎಳೆತ ಬರಲಿ' ಎಂದು ಫಿಲ್ಟರನ್ನೇ ಕಿತ್ತು ಓಡಿಸುವ ಪದ್ಧತಿ ಕೆಲವೆಡೆ ಇದೆ. ಇದರಿಂದ ಗಾಳಿ ಹೆಚ್ಚಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ, ಜೊತೆಗೆ ಧೂಳು ಒಳಹೋಗಿ ಬೋರನ್ನು ಸವೆಸುತ್ತದೆ. ಇದಕ್ಕಿಂತ ದುಬಾರಿಯಾದ ಉಳಿತಾಯ ಇನ್ನೊಂದಿಲ್ಲ.

ಗುರುತಿಸಲು ಸುಲಭ ಉಪಾಯವೆಂದರೆ ಚೋಕು. ಎಂಜಿನು ಬಿಸಿಯಾದ ನಂತರ ಚೋಕನ್ನು ಅರ್ಧ ಎಳೆದು ನೋಡಿರಿ. ಓಟ ಸುಧಾರಿಸಿದರೆ ಪೆಟ್ರೋಲು ಸಾಲದು. ಎಂಜಿನು ಮುಗ್ಗರಿಸಿ ಕಪ್ಪು ಹೊಗೆ ಬಿಟ್ಟರೆ ದೋಷ ಬೇರೆಡೆ ಇದೆ. ಎಕ್ಸಲೇಟರು ಬಿಟ್ಟ ಮೇಲೂ ಎಂಜಿನಿನ ವೇಗ ತಕ್ಷಣ ಇಳಿಯದಿರುವುದು, ಕಾರ್ಬುರೇಟರಿನಿಂದ ಹಿಮ್ಮುಖವಾಗಿ 'ಟಪ್' ಎಂದು ಸಿಡಿಯುವುದು ಕೂಡ ಇದೇ ರೋಗದ ಲಕ್ಷಣಗಳು.

ದೋಷ ಖಚಿತವಾದೊಡನೆ ಕಾರ್ಬುರೇಟರು ಬಿಚ್ಚಲು ಹೋಗಬಾರದು. ಟ್ಯಾಂಕಿನಿಂದ ಆರಂಭಿಸಿ. ಅದರ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಮಣ್ಣಿನಿಂದ ಮುಚ್ಚಿದರೆ ಪೆಟ್ರೋಲು ಕ್ರಮೇಣ ಇಳಿಯದಾಗುತ್ತದೆ. ನಾಲ್ಕಾರು ಮೈಲಿ ಓಡಿ ನಿಂತ ಗಾಡಿ ಮುಚ್ಚಳ ತೆರೆದಾಗ 'ಸುಂಯ್' ಎಂದು ಗಾಳಿ ಎಳೆದುಕೊಂಡು ಮತ್ತೆ ಓಡಿದರೆ ರೋಗ ಅಲ್ಲೇ ಇದೆ. ಅನಂತರ ತಣ್ಣನೆಯ ಎಂಜಿನಿನಲ್ಲಿ, ಬೀಡಿ-ಬೆಂಕಿಗಳಿಂದ ದೂರ, ಕಾರ್ಬುರೇಟರಿನ ಕಡೆಯ ಪೈಪು ಬಿಡಿಸಿ ಗಾಜಿನ ಸೀಸೆಗೆ ಪೆಟ್ರೋಲು ಬಿಡಿರಿ. ಧಾರೆ ಒಂದೇ ಸಮ ಬೀಳಬೇಕು. ಬರುಬರುತ್ತ ಸಣ್ಣದಾದರೆ ಕಾಕ್‌ನ ಜಾಲರಿಯಲ್ಲೋ ಪೈಪಿನಲ್ಲೋ ಕಸವಿದೆ. ಸೀಸೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ.

ಮುಂದಿನದು ಕಾರ್ಬುರೇಟರಿಗೂ ಎಂಜಿನಿಗೂ ನಡುವಿನ ಜೋಡಣೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಇಲ್ಲಿಯ ರಬ್ಬರು ಒಣಗಿ ಬಿರಿಯುತ್ತದೆ. ಪ್ಯಾಕಿಂಗ್ ಕಿತ್ತಿರುತ್ತದೆ, ಬೋಲ್ಟು ಸಡಿಲವಾಗಿರುತ್ತದೆ. ಆ ಸಂದಿನಿಂದ ಲೆಕ್ಕವಿಲ್ಲದ ಗಾಳಿ ಒಳನುಗ್ಗುತ್ತದೆ. ಎಂಜಿನನ್ನು ನಿಧಾನವಾಗಿ ಓಡಲು ಬಿಟ್ಟು, ಸೋಪಿನ ನೀರನ್ನು ಕುಂಚದಿಂದ ಜೋಡಣೆಯ ಸುತ್ತ ಹಚ್ಚಿರಿ. ಎಂಜಿನಿನ ಸದ್ದು ಬದಲಾದರೆ ಸಂದು ಸಿಕ್ಕಿತು. ಇದಕ್ಕೆ ಪೆಟ್ರೋಲನ್ನು ಎಂದೂ ಬಳಸಬಾರದು. ಈ ದೋಷ ಇರುವಾಗ ಜೆಟ್ ಬದಲಿಸಿ ಫಲವಿಲ್ಲ.

ಇಷ್ಟರಲ್ಲೂ ಗುಣ ಕಾಣದಿದ್ದರೆ ಮಾತ್ರ ಕಾರ್ಬುರೇಟರು. ನಿಂತಲ್ಲಿ ಎಂಜಿನು ಆರಿದರೆ ಪೈಲಟ್ ಜೆಟ್ಟು, ನಡುವೇಗದಲ್ಲಿ ಮುಗ್ಗರಿಸಿದರೆ ಸೂಜಿ, ಪೂರ್ಣ ಎಕ್ಸಲೇಟರಿನಲ್ಲಿ ಸೊರಗಿದರೆ ಮೇನ್ ಜೆಟ್ಟು ಅಥವಾ ಫ್ಲೋಟಿನ ಮಟ್ಟ ನೋಡಬೇಕು. ಜೆಟ್ಟಿನ ರಂಧ್ರಕ್ಕೆ ತಂತಿ, ಗುಂಡುಸೂಜಿ ಹಾಕಬೇಡಿ. ಹಿತ್ತಾಳೆ ಮೆದು, ರಂಧ್ರ ದೊಡ್ಡದಾದರೆ ಮತ್ತೆ ಚಿಕ್ಕದಾಗದು. ಜೆಟ್ಟನ್ನು ಬಿಚ್ಚಿ ಪಂಕ್ಚರ್ ಅಂಗಡಿಯ ಗಾಳಿ ಊದಿಸಿದರೆ ಸಾಕು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ತಿರುಪಿನ ವಿಷಯದಲ್ಲಿ ಎಚ್ಚರವಿರಲಿ: ಅದು ಫಿಲ್ಟರಿನ ಕಡೆಗಿದ್ದರೆ ಒಳಕ್ಕೆ, ಎಂಜಿನಿನ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಾಗ ಪೆಟ್ರೋಲಿನ ಪಾಲು ಹೆಚ್ಚುತ್ತದೆ.

ಇಂಧನವೇ ಬದಲಾಗಿರುವುದನ್ನೂ ಗಮನಿಸಬೇಕು. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 6 ಫೆಬ್ರವರಿ 2023ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ನಮ್ಮ ಕಬ್ಬು, ಮುಸುಕಿನ ಜೋಳ, ನುಚ್ಚಕ್ಕಿಯಿಂದಲೇ ತಯಾರಾಗುವ ಎಥನಾಲಿಗೆ ಉರಿಯಲು ಪ್ರತಿ ಕಿಲೋಗೆ ಸುಮಾರು 9 ಕಿಲೋ ಗಾಳಿ ಸಾಕು. ಹೀಗಾಗಿ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರಿಗೆ ಈ ಮಿಶ್ರಣ ಹಾಕಿದಾಗ ಇಂಧನ ಶೇ. 7 ರಷ್ಟು ಕಡಿಮೆಯಾದಂತಾಗುತ್ತದೆ. ಮೊದಲೇ ಸ್ವಲ್ಪ ಲೀನ್ ಇದ್ದ ಹಳೆಯ ಗಾಡಿ ಇದರಿಂದ ಕಾಯತೊಡಗಬಹುದು. ಮೇಲಿನ ತಪಾಸಣೆಗಳ ನಂತರವೂ ಪ್ಲಗ್ಗು ಬೆಳ್ಳಗೇ ಇದ್ದಲ್ಲಿ ಒಂದು ನಂಬರು ದೊಡ್ಡ ಮೇನ್ ಜೆಟ್ಟು ಹಾಕಿಸುವುದು ಸೂಕ್ತ. ಹಳೆಯ ಪೈಪು, ವಾಷರುಗಳನ್ನೂ ಬದಲಿಸಿರಿ. ಎಥನಾಲು ಅವುಗಳನ್ನು ಉಬ್ಬಿಸಿ ಕೆಡಿಸುತ್ತದೆ.

ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ಪೆಟ್ರೋಲ್ ಪಂಪುಗಳಿಗೂ ಈ ಮಾತು ಅನ್ವಯಿಸುತ್ತದೆ. ಎಥನಾಲು ಗಾಳಿಯ ತೇವವನ್ನು ಹೀರುವುದರಿಂದ, ಹಂಗಾಮು ಮುಗಿದೊಡನೆ ಟ್ಯಾಂಕನ್ನು ಖಾಲಿ ಮಾಡಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ ನಂತರ ಎತ್ತಿಡತಕ್ಕದ್ದು.