ಮಕ್ಕಳ ಜೊತೆ ಹೈದರಾಬಾದ್‌ಗೆ ಹೊರಟಿದ್ದೀರಾ? ಒಂದು ದಿನಕ್ಕೆ ಎರಡೇ ಜಾಗ ಸಾಕು!

ಬೆಳಗ್ಗೆ ಚಾರ್‌ಮಿನಾರ್, ಅಲ್ಲಿಂದ ಸಾಲಾರ್ ಜಂಗ್ ಮ್ಯೂಸಿಯಂ, ಮಧ್ಯಾಹ್ನ ಝೂ, ನಾಲ್ಕಕ್ಕೆ ಗೋಲ್ಕೊಂಡ, ಸಂಜೆ ಹುಸೇನ್ ಸಾಗರ್, ರಾತ್ರಿ ಬಿರಿಯಾನಿ. ಹೈದರಾಬಾದ್‌ನ ಒಂದು ದಿನದ ಟೂರ್ ಪಟ್ಟಿ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ದೊಡ್ಡವರಷ್ಟೇ ಹೋದರೆ ಹೇಗೋ ಮುಗಿಸಬಹುದು. ಜೊತೆಗೆ ಮೂರು ವರ್ಷದ ಮಗ, ಆರು ವರ್ಷದ ಮಗಳು ಇದ್ದರೆ? ಮೂರನೇ ಜಾಗ ತಲುಪುವಷ್ಟರಲ್ಲಿ ಒಬ್ಬರು ಅಪ್ಪನ ಹೆಗಲೇರಿ ನಿದ್ದೆ ಹೋಗಿರುತ್ತಾರೆ, ಇನ್ನೊಬ್ಬರು ರಸ್ತೆಯಲ್ಲೇ ಕುಳಿತು ಅಳುತ್ತಿರುತ್ತಾರೆ.

ತಪ್ಪು ಮಕ್ಕಳದ್ದಲ್ಲ, ಪಟ್ಟಿಯದ್ದು. ಚಾರ್‌ಮಿನಾರ್, ಮ್ಯೂಸಿಯಂ, ಝೂ ಮೂರೂ ಮೂಸಿ ನದಿಯ ದಕ್ಷಿಣಕ್ಕಿರುವ ಹಳೇ ನಗರದ ಕಡೆ. ಗೋಲ್ಕೊಂಡ ಇರುವುದು ಪಶ್ಚಿಮದಲ್ಲಿ, ಚಾರ್‌ಮಿನಾರ್‌ನಿಂದ 10 ಕಿ.ಮೀ.ಗೂ ಹೆಚ್ಚು. ಹುಸೇನ್ ಸಾಗರ್ ನಗರದ ನಡುವೆ. ನಡುವಿನ ಟ್ರಾಫಿಕ್ ಲೆಕ್ಕ ಹಾಕಿದರೆ ಮಕ್ಕಳು ನೋಡುವುದಕ್ಕಿಂತ ಕಾರಿನಲ್ಲಿ ಕೂರುವುದೇ ಜಾಸ್ತಿ. ಹಾಗಾಗಿ ಬೆಳಗ್ಗೆ ಒಂದು, ಸಂಜೆ ಒಂದು, ಮಧ್ಯೆ ನಿದ್ದೆ. ಇಷ್ಟೇ ಇಟ್ಟುಕೊಳ್ಳಿ.

ಹನ್ನೆರಡು ಗಂಟೆಯ ಗಡಿಯಾರ

ಬೆಳಗಿನ ಹೊತ್ತಿಗೆ ಸಾಲಾರ್ ಜಂಗ್ ಮ್ಯೂಸಿಯಂ ಒಳ್ಳೆಯ ಆಯ್ಕೆ. ಮ್ಯೂಸಿಯಂ ಅಂದರೆ ಮಕ್ಕಳಿಗೆ ಬೋರ್ ಎನ್ನಬೇಡಿ. ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಕೂಡಿಟ್ಟ ಸಂಗ್ರಹವೇ ಇದರ ಮೂಲ. 1951ರಲ್ಲಿ ಅವರ ಮನೆ ದಿವಾನ್ ದೇವಡಿಯಲ್ಲಿ ಶುರುವಾಗಿ, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು.

ಇಲ್ಲಿನ ಹೀರೋ ಒಂದು ಗಡಿಯಾರ. ಗಂಟೆಯಾಗುತ್ತಿದ್ದಂತೆ ಒಳಗಿನಿಂದ ಪುಟ್ಟ ಗಡ್ಡದ ಗೊಂಬೆ ಹೊರಬಂದು, ಎಷ್ಟು ಗಂಟೆಯೋ ಅಷ್ಟು ಸಲ ಜಾಗಟೆ ಬಾರಿಸಿ ಒಳಗೆ ಹೋಗುತ್ತದೆ. ಹತ್ತಕ್ಕೆ ಹತ್ತು ಸಲ, ಹನ್ನೆರಡಕ್ಕೆ ಹನ್ನೆರಡು ಸಲ. ಅದಕ್ಕೇ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರಿಗಿಂತ ಹೆಚ್ಚು ಜನ ಸೇರುತ್ತಾರೆ. ಹದಿನೈದು ನಿಮಿಷ ಮುಂಚೆ ಹೋಗಿ ಮುಂದೆ ಜಾಗ ಹಿಡಿಯಿರಿ, ಇಲ್ಲದಿದ್ದರೆ ಮಕ್ಕಳಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಬೆರಳು ಮಡಚಿ ಎಣಿಸಲು ಹೇಳಿ. ಎಣಿಕೆ ಕಲಿಯುತ್ತಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ಮೂವತ್ತಕ್ಕೂ ಹೆಚ್ಚು ಗ್ಯಾಲರಿಗಳಿವೆ, ಎಲ್ಲವನ್ನೂ ನೋಡುವ ಹಟ ಬೇಡ. ಇಟಲಿಯ ಶಿಲ್ಪಿ ಬೆಂಜೋನಿ ಕೆತ್ತಿದ 'ಮುಸುಕಿನ ರೆಬೆಕ್ಕಾ' ಮುಂದೆ ನಿಂತು, ಮುಖದ ಮೇಲಿರುವುದು ಬಟ್ಟೆಯೋ ಕಲ್ಲೋ ಎಂದು ಕೇಳಿ. ಪೂರ್ತಿ ಅಮೃತಶಿಲೆ ಎಂದರೆ ಮಕ್ಕಳು ಸುಲಭಕ್ಕೆ ನಂಬುವುದಿಲ್ಲ. ಆಟಿಕೆಗಳ ವಿಭಾಗವೂ ಇದೆ. ಮೈಸೂರು ಕಡೆಯವರು ದಂತದ ಕೋಣೆಗೆ ಹೋಗದೆ ಬರಬೇಡಿ: ಫ್ರಾನ್ಸ್ ರಾಜ ಟಿಪ್ಪು ಸುಲ್ತಾನ್‌ಗೆ ಕೊಟ್ಟ ಉಡುಗೊರೆ ಎನ್ನಲಾಗುವ ಕುರ್ಚಿಗಳು ಅಲ್ಲಿವೆ.

ಶುಕ್ರವಾರ ಮ್ಯೂಸಿಯಂಗೆ ರಜೆ. ಮೆಟ್ರೋದಲ್ಲಿ ಬರುವವರು ಎಂಜಿಬಿಎಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು. ಆಟೋದವರ ಜೊತೆ ಭಾಷೆಯ ಚಿಂತೆ ಬೇಡ. ಅದರಲ್ಲೂ ಬೀದರ್, ಕಲಬುರಗಿ, ರಾಯಚೂರಿನವರಿಗೆ ಇಲ್ಲಿನ ದಖನಿ ಮಾತು ಹೊಸದೇನಲ್ಲ, 1956ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು.

ಝೂಗೆ ಹೋದರೆ ಮ್ಯೂಸಿಯಂ ಬಿಡಿ

ಮಕ್ಕಳು ಪ್ರಾಣಿಗಳೇ ಬೇಕು ಎಂದರೆ ನೆಹರೂ ಝೂಲಾಜಿಕಲ್ ಪಾರ್ಕ್‌ಗೆ ಹೋಗಿ. ಆದರೆ ಅವತ್ತು ಮ್ಯೂಸಿಯಂ ಕೈಬಿಡಿ. 1963ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಝೂ ಮೀರ್ ಆಲಂ ಕೆರೆಯ ಪಕ್ಕದಲ್ಲಿ 380 ಎಕರೆಯಷ್ಟು ಹರಡಿದೆ. ನಡೆದು ಮುಗಿಸುತ್ತೇವೆ ಎಂಬ ಹುರುಪು ಒಂದು ಗಂಟೆಯಲ್ಲಿ ಇಳಿದುಹೋಗುತ್ತದೆ, ಮೊದಲೇ ಬ್ಯಾಟರಿ ವಾಹನ ಹತ್ತುವುದು ಜಾಣತನ. ಗೇಟ್ ತೆರೆಯುವ ಹೊತ್ತಿಗೇ ಹೋಗಿ, ಬಿಸಿಲೇರಿದ ಮೇಲೆ ಪ್ರಾಣಿಗಳೂ ನೆರಳು ಹುಡುಕಿ ಮಲಗುತ್ತವೆ. ಸೋಮವಾರ ರಜೆ.

ಮಧ್ಯಾಹ್ನ ರೂಮಿಗೆ ವಾಪಸ್

ಇದನ್ನು ಪಾಲಿಸುವವರು ಕಡಿಮೆ. 'ಇಷ್ಟು ದೂರ ಬಂದು ಮಲಗೋದಾ?' ಎಂಬ ಪ್ರಶ್ನೆ ಏಳುತ್ತದೆ. ಹೌದು, ಮಲಗಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಬೇಗ ನೀರು ಕಳೆದುಕೊಳ್ಳುತ್ತದೆ. ಮಂಕಾಗಿ ಕುಳಿತ, ಮೂತ್ರ ಕಡಿಮೆಯಾದ ಮಗುವನ್ನು 'ಸುಸ್ತಾಗಿದೆ ಅಷ್ಟೇ' ಎಂದು ಬಿಡಬೇಡಿ. ನೆರಳು, ನೀರು, ಓಆರ್‌ಎಸ್ ಮೊದಲು. ಚೇತರಿಸದಿದ್ದರೆ ಕೂಡಲೇ ವೈದ್ಯರ ಬಳಿ ಹೋಗಿ.

ಊಟಕ್ಕೆ ಬಿರಿಯಾನಿ ನಿಮಗಿರಲಿ, ಖಾರ ತಿನ್ನದ ಮಕ್ಕಳಿಗೆ ಮೊಸರನ್ನ, ಇಡ್ಲಿ ಎಲ್ಲೆಡೆ ಸಿಗುತ್ತದೆ. ಎದ್ದ ಮೇಲೆ ಹಾಲಿಗೆ ಅದ್ದಿಕೊಳ್ಳಲು ಒಸ್ಮಾನಿಯಾ ಬಿಸ್ಕತ್ ತೆಗೆದಿಟ್ಟುಕೊಳ್ಳಿ.

ಸಂಜೆಗೆ ಡೈನೋಸಾರ್ ಅಥವಾ ಬುದ್ಧ

ಬಿರ್ಲಾ ಸೈನ್ಸ್ ಮ್ಯೂಸಿಯಂನಲ್ಲಿ ನಿಂತಿರುವ ಡೈನೋಸಾರ್ ಅಸ್ಥಿಪಂಜರ ಹೊರದೇಶದ್ದಲ್ಲ, ತೆಲಂಗಾಣದ ಯಾಮನಪಲ್ಲಿಯ ನೆಲದಲ್ಲಿ ಸಿಕ್ಕಿದ್ದು. ಭೂವಿಜ್ಞಾನಿ ಪಿ.ಎಂ. ಯಾದಗಿರಿ 1988ರಲ್ಲಿ ಇದಕ್ಕೆ 'ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್' ಎಂದು ಹೆಸರಿಟ್ಟರು. ಊರಿನ ಹೆಸರೇ ಡೈನೋಸಾರ್‌ಗೆ! ಪಕ್ಕದಲ್ಲೇ ತಾರಾಲಯ, ಬಿರ್ಲಾ ಮಂದಿರವೂ ಇವೆ.

ಬಯಲು ಬೇಕೆನ್ನುವವರಿಗೆ ಹುಸೇನ್ ಸಾಗರ್. ಲುಂಬಿನಿ ಪಾರ್ಕ್‌ನಿಂದ ದೋಣಿಯಲ್ಲಿ ಬುದ್ಧನ ಪ್ರತಿಮೆಯ ಬಳಿಗೆ ಹೋಗಬಹುದು. ಒಂದೇ ಕಲ್ಲಿನ ಈ 58 ಅಡಿ ಪ್ರತಿಮೆಯನ್ನು 1990ರಲ್ಲಿ ಸಾಗಿಸುವಾಗ ದೋಣಿ ಮಗುಚಿ ಜೀವಹಾನಿಯಾಯಿತು, ಪ್ರತಿಮೆ ಕೆರೆಯ ತಳ ಸೇರಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಿನಡಿ ಇದ್ದು 1992ರಲ್ಲಿ ಮೇಲೆದ್ದಿತು. ದೋಣಿ ಹತ್ತುವ ಮುನ್ನ ಮಕ್ಕಳಿಗೆ ಲೈಫ್ ಜಾಕೆಟ್ ಕೇಳಿ ಹಾಕಿಸಿ, ಸಡಿಲವಿದ್ದರೆ ಬದಲಿಸಿಕೊಳ್ಳಿ.

ಚಾರ್‌ಮಿನಾರ್ ಬಿಟ್ಟರೆ ಹೇಗೆ?

ಬಿಡಬೇಕಿಲ್ಲ. ಮ್ಯೂಸಿಯಂನಿಂದ ಹತ್ತಿರವೇ ಇದೆ, ಬೇಗ ಬಂದವರು ಅಂಗಡಿಗಳು ತೆರೆಯುವ ಮುನ್ನವೇ 1591ರ ಈ ಕಟ್ಟಡವನ್ನು ಕೆಳಗಿನಿಂದ ನೋಡಿ ಫೋಟೋ ತೆಗೆಸಿಕೊಳ್ಳಲಿ. ಒಳಗಿನ ಸುರುಳಿ ಮೆಟ್ಟಿಲು ಕಿರಿದು, ಮಗುವನ್ನು ಎತ್ತಿಕೊಂಡು ಹತ್ತುವ ಸಾಹಸ ಬೇಡ. ಸಂಜೆ, ಅದರಲ್ಲೂ ರಂಜಾನ್ ತಿಂಗಳಲ್ಲಿ, ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಣೇಶ ವಿಸರ್ಜನೆಯ ದಿನ ಹುಸೇನ್ ಸಾಗರ್ ಕಥೆಯೂ ಅದೇ. ಅಂಥ ಕಡೆ ಕೈ ತಪ್ಪಿದ ಮಗುವಿಗೆ ಅಪ್ಪನ ಹೆಸರು ಗೊತ್ತಿರುತ್ತದೆ, ನಂಬರ್ ಗೊತ್ತಿರುವುದಿಲ್ಲ. ಹೋಟೆಲಿನಿಂದ ಹೊರಡುವ ಮುನ್ನ ಮೊಬೈಲ್ ನಂಬರ್ ಬರೆದ ಚೀಟಿಯನ್ನು ಮಗುವಿನ ಜೇಬಿಗೆ ಹಾಕಿ, ಮಕ್ಕಳ ಸಹಾಯವಾಣಿ 1098 ಅನ್ನು ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ. ಟಿಕೆಟ್ ದರ, ಸಮಯ ಬದಲಾಗುತ್ತಿರುತ್ತದೆ, ಹಿಂದಿನ ರಾತ್ರಿ ಒಮ್ಮೆ ಅಧಿಕೃತ ವೆಬ್‌ಸೈಟ್ ನೋಡಿಕೊಳ್ಳಿ.